ಸಂಕದ ಮೇಲೆ ಕೂತ ಮರಕುಟಿಗ

“ಗುರುಗಳೇ, ನನ್ನೊಳಗೆ ಹುಳುಕಿಲ್ಲ ಎಂಬುದನ್ನು ನಾನು ಖಾತ್ರಿ ಮಾಡಿಕೊಳ್ಳುವುದು ಹೇಗೆ?” ಎಂದು ಶಿಷ್ಯ ಗುರುಶಾಂತ ಕೇಳಿದ.

ಕೇಳಿದ್ದು ಬೆಳಗಿನ ಪೂಜೆ ಮುಗಿದ ಮೇಲೆ, ನೆಲ ನೋಡುತ್ತ. ಬೆಟ್ಟದ ಕೆಳಗಿನ ಊರೊಂದರ ಜನ ತಮ್ಮ ಮಕ್ಕಳಿಗೆ ನಾಲ್ಕಕ್ಷರ ಕಲಿಸಲು, ಜಗಳ ಬಂದಾಗ ಕೂರಿಸಿ ಬುದ್ಧಿ ಹೇಳಲು ಮಠದಿಂದ ಒಬ್ಬರನ್ನು ಕಳಿಸಿಕೊಡಿ ಎಂದು ಬೇಡಿಕೊಂಡಿದ್ದರು. ಗುರುಗಳು ಗುರುಶಾಂತನ ಹೆಸರು ಹೇಳಿದ್ದರು. ಅವನೂ ಸಂತೋಷದಿಂದ ಒಪ್ಪಿದ್ದ. ಅಷ್ಟರಲ್ಲಿ ಮಠದ ಹಿರಿಯರೊಬ್ಬರು ಅವನ ಪ್ರವಚನ ಕೇಳಿ, ಎಲೆ ಅಡಿಕೆ ಮೆಲ್ಲುತ್ತ, “ಹುಡುಗನ ಮಾತಿನಲ್ಲಿ ಸ್ವಲ್ಪ ಗತ್ತು ಕಾಣುತ್ತದೆ” ಎಂದಿದ್ದರು. ಅಂದವರು ಅಂದು ಮರೆತರು. ಗುರುಶಾಂತ ಮರೆಯಲಿಲ್ಲ.

ಅಂದಿನಿಂದ ಅವನು ತನ್ನನ್ನೇ ಕೆದಕಿಕೊಳ್ಳತೊಡಗಿದ್ದ. ತನ್ನಲ್ಲಿ ಅಹಂಕಾರವಿದೆಯೇ ಎಂದು ನೋಡಿದ. ಸಿಗಲಿಲ್ಲ. ಹಾಗಾದರೆ ಸಿಗಲಿಲ್ಲ ಎಂದುಕೊಳ್ಳುವುದೇ ಅಹಂಕಾರವಿರಬೇಕು ಎನ್ನಿಸಿತು. ಪೂಜೆಯಲ್ಲಿ ಕಣ್ಣು ತುಂಬಿ ಬಂದರೆ ಇದು ಭಕ್ತಿಯೋ, ನೋಡುವವರಿಗಾಗಿಯೋ ಎಂದು ಸಂಶಯಪಟ್ಟ. ಊಟ ಕಡಿಮೆ ಮಾಡಿದ. ಮಾತು ಬಿಟ್ಟ. ಈಗ ಆ ಊರಿನವರು ಗಾಡಿ ಕಟ್ಟಿಕೊಂಡು ಕರೆದೊಯ್ಯಲು ಬಂದು ಜಗಲಿಯಲ್ಲಿ ಕೂತಿದ್ದರೆ, ನಾನು ಯೋಗ್ಯನಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಕಳಿಸುವ ಮನಸ್ಸು ಮಾಡಿದ್ದ.

ಗುರುಗಳು ಅವನ ಮುಖ ನೋಡಿದರು. ನಗು ಬಂತು, ತಡೆದುಕೊಂಡರು.

“ಕೂತುಕೋ. ಒಂದು ಕತೆ ಹೇಳುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಯಾರೂ ಸಾಯುವುದಿಲ್ಲ. ನಿನ್ನ ಮುಖ ನೋಡಿದರೆ ಅದನ್ನು ಮೊದಲೇ ಹೇಳುವುದು ವಾಸಿ” ಎಂದರು.

ಆಮೇಲೆ ಹೇಳತೊಡಗಿದರು.

ನಮ್ಮ ಕಡೆ ಮೇದಾರರು ಇದ್ದಾರಲ್ಲ, ಹಾಗೆಯೇ ಮೂಡಣ ಬೆಟ್ಟಗಳ ಕಡೆಯೂ ಬಿದಿರನ್ನೇ ನಂಬಿ ಬದುಕುವ ಜನ ಇದ್ದಾರೆ. ಅಲ್ಲಿ ಮನೆಯೂ ಬಿದಿರು, ಮಂಚವೂ ಬಿದಿರು, ನೀರು ತರುವ ಕೊಳವೆಯೂ ಬಿದಿರು. ಅವರನ್ನು ಅವರ ಭಾಷೆಯಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಬಾಯಿಗೆ ಸುಲಭವಾಗಲಿ ಎಂದು ಮೇದಾರ ಎನ್ನುತ್ತೇನೆ. ಅವರ ಮಾತನ್ನೂ ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಅಂಥ ಒಂದು ಊರಿನಲ್ಲಿ ಒಬ್ಬ ಮೇದಾರನಿದ್ದ. ಊರಿಗೆ ಸಂಕ, ಎಂದರೆ ಹೊಳೆ ದಾಟುವ ಬಿದಿರ ಸೇತುವೆ, ಕಟ್ಟುವವನು ಅವನೇ. ಊರಿನ ಪಕ್ಕದಲ್ಲಿ ಹೊಳೆ. ಎರಡು ಬಂಡೆಗಳ ನಡುವೆ ಕಿರಿದಾಗಿ, ಆಳವಾಗಿ, ಭಾರಿ ಸೆಳೆತದಿಂದ ಹರಿಯುವ ಹೊಳೆ. ಮಳೆಗಾಲದಲ್ಲಿ ಅದು ಹಳೆಯ ಸಂಕವನ್ನು ಕೊಚ್ಚಿಕೊಂಡು ಹೋಗುತ್ತದೆ. ನೀರು ಇಳಿದ ಮೇಲೆ ಮತ್ತೆ ಹೊಸದು ಕಟ್ಟಬೇಕು. ದಡದಿಂದ ದಡಕ್ಕೆ ಮೂರು ಉದ್ದನೆಯ ದಪ್ಪ ಬಿದಿರ ಗಳ, ಅದರ ಮೇಲೆ ಅಡ್ಡ ಹೆಣೆದ ಸೀಳು ಬಿದಿರು, ಕೈ ಹಿಡಿಯಲು ಪಕ್ಕದಲ್ಲೊಂದು ತೆಳು ಗಳ. ಅಷ್ಟೇ ಸಂಕ. ಆದರೆ ಆ ಮೂರು ಗಳ ಸರಿಯಾಗಿರಬೇಕು. ಅವು ಸರಿಯಿದ್ದರೆ ಎಲ್ಲವೂ ಸರಿ.

ಆ ಮೂರನ್ನು ಆರಿಸುವುದರಲ್ಲಿ ಮೇದಾರ ತುಂಬ ಕಟ್ಟುನಿಟ್ಟು. ಹಿಂದಿನ ವರ್ಷವೇ ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿಯುತ್ತಿದ್ದ. ಹಳ್ಳದ ನೀರಿನಲ್ಲಿ ಕಲ್ಲು ಹೇರಿ ನೆನೆಹಾಕುತ್ತಿದ್ದ. ನೆರಳಿನಲ್ಲಿ ಒಣಗಿಸುತ್ತಿದ್ದ. ಮಚ್ಚಿನ ಹಿಂಬದಿಯಿಂದ ಗೆಣ್ಣು ಗೆಣ್ಣಿಗೂ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಇನ್ನೊಂದು ಪರೀಕ್ಷೆ ಕಾಡಿನಲ್ಲೇ ಆಗುತ್ತಿತ್ತು. ಆ ಬಿದಿರ ಕಾಡಿನಲ್ಲಿ ಒಂದು ಮರಕುಟಿಗ ಇದೆ. ಮರಕ್ಕಿಂತ ಬಿದಿರೇ ಅದಕ್ಕೆ ಇಷ್ಟ. ಮೈ ಇಟ್ಟಿಗೆಯ ಬಣ್ಣ, ತಲೆ ಒಣಹುಲ್ಲಿನ ಬಣ್ಣ, ಗಂಡಾದರೆ ನೆತ್ತಿಯ ಮೇಲೆ ಕುಂಕುಮ ಇಟ್ಟಂಥ ಒಂದು ಗುರುತು. ಅದು ಯಾವ ಬಿದಿರನ್ನು ಕುಟ್ಟುತ್ತದೋ ಅದರೊಳಗೆ ಹುಳವೋ ಇರುವೆಯೋ ಸೇರಿದೆ ಎಂದೇ ಅಲ್ಲಿನವರ ಲೆಕ್ಕ. ಹಕ್ಕಿ ಕುಟ್ಟಿದ ಗಳಕ್ಕೆ ಯಾರೂ ಮಚ್ಚು ಹಾಕುವುದಿಲ್ಲ. ಅಪ್ಪ ಹೇಳಿಕೊಟ್ಟದ್ದು, ಅಪ್ಪನಿಗೆ ಅವರಪ್ಪ ಹೇಳಿಕೊಟ್ಟದ್ದು. ಹಾಗೆ ಮಾಡಿ ಕೆಟ್ಟವರೂ ಯಾರೂ ಇರಲಿಲ್ಲ.

ಆ ವರ್ಷ ಮೇದಾರ ಎಂದಿಗಿಂತ ಹೆಚ್ಚು ಶ್ರದ್ಧೆಯಿಂದ ಸಂಕ ಕಟ್ಟಿದ. ಅದಕ್ಕೆ ಕಾರಣವಿತ್ತು. ಅವನಿಗೆ ಒಬ್ಬಳೇ ಮಗಳು. ಹೊಳೆಯಾಚೆಯ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದ. ಅವಳಿಗೆ ಚೊಚ್ಚಲು, ತಿಂಗಳು ತುಂಬುತ್ತ ಬಂದಿತ್ತು. ಹೆರಿಗೆಗೆ ತವರಿಗೆ ಬರಬೇಕು. ಆಚೆ ದಡದಲ್ಲಿ ಸೂಲಗಿತ್ತಿಯೂ ಇರಲಿಲ್ಲ. ಇದ್ದವಳು ಈಚೆ ದಡದಲ್ಲಿ, ಅವರ ಮನೆಯ ಪಕ್ಕದಲ್ಲೇ. ಅದಲ್ಲದೆ ಆ ಊರಿನಲ್ಲೊಂದು ಪದ್ಧತಿ. ಹೊಸ ಸಂಕವನ್ನು ಮೊದಲು ದಾಟಬೇಕಾದವಳು ಕಟ್ಟಿದವನ ಮನೆಯ ಹೆಣ್ಣುಮಗಳು. ಅವಳು ದಾಟಿದ ಮೇಲೆಯೇ ಊರಿನವರು ಕಾಲಿಡುವುದು. ಕೆಲಸಕ್ಕೆಂದು ಕಟ್ಟುವವನು ಅದರ ಮೇಲೆ ಓಡಾಡಿದ್ದು ದಾಟಿದ ಲೆಕ್ಕಕ್ಕೆ ಬರುವುದಿಲ್ಲ. ಈ ಪದ್ಧತಿ ಮಾಡಿದವರು ಬುದ್ಧಿವಂತರು. ಹಾಗಿದ್ದರೆ ಯಾವ ಅಪ್ಪನೂ ಮೈಗಳ್ಳತನ ಮಾಡುವುದಿಲ್ಲ.

ಸಂಕ ಮುಗಿಯಿತು. ಮೇದಾರ ಈ ತುದಿಯಿಂದ ಆ ತುದಿಗೆ ನಡೆದ, ನಡುವೆ ನಿಂತು ಕುಣಿದು ನೋಡಿದ. ಗಳಗಳು ಅವನನ್ನು ಎತ್ತಿ ಹಿಡಿದವು. ಮನಸ್ಸಿಗೆ ತೃಪ್ತಿಯಾಯಿತು. ಆಚೆ ದಡದಲ್ಲಿ ಕಂಡವರನ್ನು ಕೂಗಿ ಮಗಳ ಗಂಡನ ಮನೆಗೆ ಹೇಳಿ ಕಳಿಸಿದ. ಅವರೂ ಒಳ್ಳೆಯ ದಿನ ನೋಡಿ ಬರುತ್ತೇವೆ ಎಂದರು.

ಮರುದಿನ ಬೆಳಿಗ್ಗೆ ಮೇದಾರ ಹೊಳೆಯ ಕಡೆ ಬಂದು ನೋಡುತ್ತಾನೆ, ಸಂಕದ ನಡುವಿನ ಗಳದ ತುದಿಗೆ ಮರಕುಟಿಗ ಅಂಟಿಕೊಂಡು ಕೂತಿದೆ. ನೋಡುತ್ತಿದ್ದಂತೆ ಅದು ಕೊಕ್ಕಿನಿಂದ ಗಳವನ್ನು ಬಾರಿಸಿತು. ಟರ್‍ರ್‍ರ್ ಎಂದು ಸದ್ದು ಹೊಳೆಯುದ್ದಕ್ಕೂ ಹೋಯಿತು.

ಮೇದಾರ ನಿಂತಲ್ಲೇ ನಿಂತ.

ಒಬ್ಬ ಕುರುಬನಾಗಿದ್ದರೆ ಹಕ್ಕಿ ಕೂತಿದೆ ಎಂದು ಮುಂದೆ ಹೋಗುತ್ತಿದ್ದ. ಒಬ್ಬ ಒಕ್ಕಲಿಗನಾಗಿದ್ದರೆ ನಿಂತು ಚೆಂದ ನೋಡುತ್ತಿದ್ದ. ಇವನು ಮೇದಾರ. ಹಕ್ಕಿ ಕುಟ್ಟಿತು ಎಂದರೆ ಒಳಗೆ ಹುಳ ಇದೆ ಎಂದೇ ಅವನ ತಲೆಯಲ್ಲಿ ಕೂತಿತ್ತು.

ಕಲ್ಲು ಬೀರಿ ಹಕ್ಕಿಯನ್ನು ಓಡಿಸಿದ. ಸಂಕದ ಮೇಲೆ ಮಂಡಿಯೂರಿ ಗಳವನ್ನು ಇಂಚಿಂಚೂ ನೋಡಿದ. ತೂತಿಲ್ಲ. ಹುಳ ತಿಂದರೆ ಕೆಳಗೆ ಹಿಟ್ಟು ಉದುರುತ್ತದೆ, ಅದೂ ಇಲ್ಲ. ಮಚ್ಚಿನಿಂದ ತಟ್ಟಿದ. ಗಳ ಗಂಟೆಯಂತೆ ನುಡಿಯಿತು. ಕಣ್ಣು ಸರಿಯಿದೆ ಎಂದಿತು, ಕಿವಿ ಸರಿಯಿದೆ ಎಂದಿತು, ಕೈ ಸರಿಯಿದೆ ಎಂದಿತು. ಆದರೂ ಮನಸ್ಸು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ನೆರೆಮನೆಯವನು ಅಲ್ಲಿಗೆ ಬಂದ.

“ಏನಣ್ಣ, ನಿನ್ನ ಗಳದ ಮೇಲೂ ಹಕ್ಕಿ ಕೂರೋ ಹಾಗಾಯ್ತಾ?” ಎಂದ. “ಅದೇನು ಕೆಲಸ ಇಲ್ದೆ ಬರುತ್ತಾ?”

ಅವನದು ಬರೀ ಬಾಯಿಚಪಲ. ಆದರೆ ಆ ಮಾತು ಮೇದಾರನ ಹೊಟ್ಟೆಯೊಳಗೆ ಇಳಿಯಿತು. ಕಣ್ಣು ಮುಚ್ಚಿದರೆ ಸಂಕದ ನಡುವೆ ಮಗಳು, ಕೆಳಗೆ ನೀರು. ಮರುದಿನ ಹಕ್ಕಿ ಮತ್ತೆ ಬಂತು. ಅದೇ ಗಳ, ಅದೇ ಸದ್ದು. ಅವನಿಗೆ ತಡೆಯಲಾಗಲಿಲ್ಲ. ಕಟ್ಟು ಬಿಚ್ಚಿದ. ನೆರೆಯವರನ್ನು ಕರೆದು ನಡುಗಳವನ್ನು ದಡಕ್ಕೆ ಎಳೆಸಿದ. ಬುಡದಿಂದ ತುದಿಯವರೆಗೆ ಸೀಳಿದ.

ಒಳಗೆ ಬೆಳ್ಳಗೆ, ಹಾಲಿನಲ್ಲಿ ತೊಳೆದಂತೆ ಇತ್ತು. ಒಂದು ಹುಳವಿಲ್ಲ, ಒಂದು ಕಲೆಯಿಲ್ಲ.

ಅವನ ಹೆಂಡತಿ ಬುಟ್ಟಿ ಹೆಣೆಯುವುದನ್ನು ಬಿಟ್ಟು ಬಂದು ನೋಡಿದಳು. “ಅಯ್ಯೋ, ಎಂಥಾ ಗಳ ಹಾಳು ಮಾಡಿಬಿಟ್ರಿ! ಹೋಗ್ಲಿ, ಈಗಾದ್ರೂ ಸಮಾಧಾನ ಆಯ್ತಾ?” ಎಂದಳು.

ಒಂದು ಗಳಿಗೆ ಆಗಿತ್ತು, ನಿಜ. ಆದರೆ ಒಂದೇ ಗಳಿಗೆ. ಈ ಗಳದಲ್ಲಿ ಇಲ್ಲವಾದರೆ ಪಕ್ಕದ್ದರಲ್ಲಿ ಇರಬೇಕು, ಹಕ್ಕಿ ಇದರ ಮೇಲೆ ಕೂತು ಅದರ ವಾಸನೆ ಹಿಡಿಯುತ್ತಿರಬೇಕು ಎಂದು ಅವನಿಗೆ ಹೊಳೆಯಿತು. ಹೆದರಿದ ಮನಸ್ಸಿಗೆ ಹೊಳೆಯದ್ದು ಯಾವುದಿದೆ ಹೇಳು! ಸೀಳಿದ ಗಳದ ಜಾಗಕ್ಕೆ ಬೇರೆ ಬೇಕಲ್ಲ. ಒಣಗಿಸಿಟ್ಟದ್ದು ಇನ್ನೊಂದಿರಲಿಲ್ಲ. ಕಾಡಿಗೆ ಹೋಗಿ ಹಕ್ಕಿ ಮುಟ್ಟದ ಬಿದಿರ ಮೆಳೆಯಿಂದ ಒಂದು ಹಸಿ ಗಳ ಕಡಿದು ತಂದು ಕಟ್ಟಿದ. ನೆನೆಹಾಕಲು, ಒಣಗಿಸಲು ಹೊತ್ತೆಲ್ಲಿದೆ? ಮಗಳು ಬರುವ ದಿನ ಹತ್ತಿರ ಬರುತ್ತಿತ್ತು.

ಹಕ್ಕಿ ಮತ್ತೆ ಬಂತು. ಹೊಸ ಗಳದ ಮೇಲೆ ಒಂದು ಸಲ ಕೊಕ್ಕು ತಾಗಿಸಿ ಬಿಟ್ಟುಬಿಟ್ಟಿತು. ಎಡಗಡೆಯ ಹಳೆಯ ಗಳಕ್ಕೆ ಹಾರಿ ಅದನ್ನು ಬಾರಿಸಿತು. ಮೇದಾರನಿಗೆ ಈಗ ಸಂಶಯವೇ ಉಳಿಯಲಿಲ್ಲ. “ನೋಡಿದೆಯಾ, ಹೊಸದನ್ನ ಕುಟ್ಟಲಿಲ್ಲ. ಹುಳ ಇರೋದು ಹಳೇದರಲ್ಲೇ” ಎಂದು ಹೆಂಡತಿಗೆ ಹೇಳಿದ. ಎಡಗಳವನ್ನೂ ಬಿಚ್ಚಿಸಿದ. ಸೀಳಿದ. ಅದೂ ಬೆಳ್ಳಗೆ, ಶುದ್ಧವಾಗಿತ್ತು. ಅದರ ಜಾಗಕ್ಕೂ ಒಂದು ಹಸಿ ಗಳ ಬಂತು.

ಈಗ ಸಂಕದಲ್ಲಿ ಹಳೆಯದು ಒಂದೇ ಉಳಿಯಿತು, ಬಲಗಡೆಯದು. ಮೇದಾರ ಸಂಕದ ಮೇಲೆ ನಡೆದು ನೋಡಿದ. ಅದು ನಡುವಿನಲ್ಲಿ ಬಾಗಿತು. ಮೊದಲು ಹಾಗೆ ಬಾಗುತ್ತಿರಲಿಲ್ಲ. ಅವನ ಕಾಲಿಗೆ ಅದು ಗೊತ್ತಾಯಿತು. ಆದರೆ ಹಸಿ ಬಿದಿರು ಸ್ವಲ್ಪ ಬಳುಕುತ್ತದೆ, ಬಳುಕಿದರೆ ಒಳ್ಳೆಯದೇ, ಮುರಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಇಷ್ಟು ವರ್ಷ ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅವರ ಕೈಯಿಂದ ಮಚ್ಚು ಕಿತ್ತುಕೊಳ್ಳುತ್ತಿದ್ದ. ಹಕ್ಕಿ ಕುಟ್ಟದ ಸಂಕ ಬೇಕಾಗಿತ್ತು ಅವನಿಗೆ. ಹೊಳೆ ದಾಟಿಸುವ ಸಂಕವನ್ನು ಅವನು ಮರೆತೇಬಿಟ್ಟಿದ್ದ.

ಮಗಳು ಬರುವ ದಿನ ಬಂತು. ಬಿಸಿಲೇರುವ ಹೊತ್ತಿಗೆ ಆಚೆ ದಡದ ಬಂಡೆಯ ಮೇಲೆ ಅವಳು ಗಂಡನ ಕೈ ಹಿಡಿದು ಬಂದು ನಿಂತಳು. ತುಂಬಿದ ಹೊಟ್ಟೆ, ನಡೆದು ನಡೆದು ಕೆಂಪಾದ ಮುಖ. ಈಚೆ ದಡದಲ್ಲಿ ತಾಯಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಊರಿನವರು ಸೇರಿದ್ದರು. ಎಲ್ಲರೂ ನೋಡುತ್ತಿದ್ದಂತೆಯೇ ಆ ಹಕ್ಕಿ ಹಾರಿ ಬಂದು, ಉಳಿದಿದ್ದ ಒಂದೇ ಹಳೆಯ ಗಳದ ಮೇಲೆ ಕೂತು, ಟರ್‍ರ್‍ರ್ ಎಂದು ಬಾರಿಸಿತು.

“ಇದೂ ಹೋಯ್ತು” ಎಂದ ಮೇದಾರ. ಸೊಂಟದಿಂದ ಮಚ್ಚು ಎಳೆದುಕೊಂಡು ಸಂಕದ ಕಡೆ ಓಡಿದ. ಕಟ್ಟು ಕಡಿಯಲು ಬಗ್ಗಿದ.

“ಅಪ್ಪಾ! ಏನ್ ಮಾಡ್ತಿದ್ದೀಯಪ್ಪಾ?” ಎಂದು ಮಗಳು ಆಚೆಯಿಂದ ಕೂಗಿದಳು.

“ಹುಳ ಹತ್ತಿದೆ ಕಣವ್ವಾ! ಹಕ್ಕಿ ಬಿಡ್ತಾನೇ ಇಲ್ಲ. ಬೇರೆ ಗಳ ಹಾಕ್ತೀನಿ, ನೀನು ಅಲ್ಲೇ ಇರು!”

ಮಗಳು ಹಕ್ಕಿಯನ್ನು ನೋಡಿದಳು. ಮಚ್ಚು ಹಿಡಿದ ಅಪ್ಪನನ್ನು ನೋಡಿದಳು. ಅವಳಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಪ್ಪಾ, ಅದು ಹುಳ ಹುಡುಕ್ತಿಲ್ಲಪ್ಪಾ! ಹೆಣ್ಣನ್ನ ಕರೀತಿದೆ! ನಮ್ಮನೆ ಹಿಂದಿನ ಮೆಳೇಲಿ ಹೆಣ್ಣೊಂದಿದೆ. ಇದು ಇಲ್ಲಿ ಬಾರಿಸಿದ ತಕ್ಷಣ ಅದು ಅಲ್ಲಿ ಕೂಗುತ್ತೆ. ಒಲೆ ಮುಂದೆ ಕೂತು ದಿನಾ ಕೇಳ್ತಿದ್ದೀನಿ. ನಿನ್ನ ಸಂಕ ಮುಗಿದ ಮೇಲೇ ಶುರುವಾಗಿದ್ದು!”

ಮೇದಾರ ಬಗ್ಗಿದವನು ಬಗ್ಗಿಯೇ ಇದ್ದ.

“ತಿನ್ನೋಕೆ ಕುಟ್ಟೋವಾಗ ಟಕ್ ಅಂತ ಕುಟ್ಟಿ, ನಿಲ್ಲಿಸಿ, ಒಳಗೆ ಇಣುಕಿ ನೋಡುತ್ತೆ. ಇದೆಲ್ಲಿ ಇಣುಕ್ತಿದೆ? ಡೋಲು ಹೊಡೆದ ಹಾಗೆ ಹೊಡೀತಿದೆ. ಅಷ್ಟು ದೂರಕ್ಕೆ ಸದ್ದು ಹೋಗಬೇಕಲ್ಲ ಅದಕ್ಕೆ? ಒಳ್ಳೇ ಒಣಗಿದ ಗಳ ಆರಿಸ್ಕೊಂಡಿದೆ ನೋಡು, ಜಾಣ!”

ಅಷ್ಟು ಹೇಳುವಾಗಲೇ ಅವಳ ಹಿಂದಿನ ಬಿದಿರ ಮೆಳೆಯಿಂದ ಇನ್ನೊಂದು ಹಕ್ಕಿ ಕೂಗಿತು. ನೆತ್ತಿಯಲ್ಲಿ ಕುಂಕುಮವಿಲ್ಲದ ಹಕ್ಕಿಯೊಂದು ಹಾರಿ ಬಂದು ಆಚೆ ದಡದ ಬಿದಿರಿಗೆ ಅಂಟಿಕೊಂಡಿತು. ಗಂಡು ಬಾರಿಸುವುದನ್ನು ನಿಲ್ಲಿಸಿ ಅದರ ಕಡೆ ಹಾರಿತು. ಊರಿನವರು ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಆ ನೆರೆಮನೆಯವನು.

ಮೇದಾರನ ಕೈಯಿಂದ ಮಚ್ಚು ಜಾರಿತು. ಅವನ ಮೈ ಹಗುರವಾಯಿತು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ತನ್ನ ಗಳದಲ್ಲಿ ಹುಳವಿರಲಿಲ್ಲ. ಒಂದರಲ್ಲೂ ಇರಲಿಲ್ಲ. ಕಾಡಿನಲ್ಲಿ ಎಷ್ಟು ಸಲ ಈ ಸದ್ದು ಕೇಳಿದ್ದನೋ, ಎಲ್ಲೋ ಮೇಲೆ ಒಣಗಳವೊಂದರಲ್ಲಿ ಬಾರಿಸುತ್ತಿದ್ದ ಹಕ್ಕಿಯನ್ನು ತಲೆಯೆತ್ತಿ ನೋಡಿರಲೂ ಇಲ್ಲ. ಮಚ್ಚಿಗೆ ಸಂಬಂಧಪಟ್ಟದ್ದು ಮಾತ್ರ ಅವನ ಕಿವಿಗೆ ಬೀಳುತ್ತಿತ್ತು. ಅವನೂ ನಗತೊಡಗಿದ. ಕಣ್ಣಲ್ಲಿ ನೀರು ಬರುವ ತನಕ ನಕ್ಕ.

“ಸರಿ, ನಾನು ಬರ್ತೀನಿ” ಎಂದು ಮಗಳು ಸೀರೆಯ ನೆರಿಗೆ ಎತ್ತಿ ಹಿಡಿದಳು. ಸಂಕದ ಮೇಲೆ ಒಂದು ಕಾಲಿಡಲು ಹೋದಳು.

ಆಗ ಮೇದಾರನ ನಗು ನಿಂತಿತು.

ಹಕ್ಕಿ ಒಳ್ಳೆಯ ಗಳವನ್ನೇ ಆರಿಸಿತ್ತು. ಹಾಗಾದರೆ ಅದು ಬಾರಿಸದೆ ಬಿಟ್ಟ ಗಳಗಳು ಯಾವುವು? ಆ ಎರಡು ಹಸಿ ಗಳಗಳನ್ನು ಅವನು ನೋಡಿದ. ಬಹಳ ದಿನಗಳ ಮೇಲೆ ಮೇದಾರನ ಕಣ್ಣಿನಿಂದ ನೋಡಿದ. ನಡುಗಳ ನೀರಿನ ಕಡೆ ಬಾಗಿತ್ತು. ಬಿಸಿಲಿಗೆ ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿಗೆ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಕಟ್ಟುಗಳು ಸಡಿಲವಾಗಿದ್ದವು.

“ನಿಲ್ಲೇ! ನಿಲ್ಲು! ಕಾಲಿಡಬೇಡ!” ಎಂದು ಕೂಗಿದ. ಗಂಟಲು ಹರಿಯುವಂತೆ ಕೂಗಿದ.

ಮಗಳು ಗಾಬರಿಯಾಗಿ ಕಾಲು ಹಿಂದಕ್ಕೆ ತೆಗೆದಳು. ಗಂಡ ಅವಳನ್ನು ಬಂಡೆಯ ಮೇಲೆ ಕೂರಿಸಿದ. ಮೇದಾರ ಅಲ್ಲೇ ದಡದ ಮೇಲೆ ಕುಸಿದು ಕೂತ. ಹೆಂಡತಿ ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು.

“ನಾನೇ ಅವಳನ್ನ ನೀರಿಗೆ ತಳ್ತಿದ್ದೆ ಕಣೇ” ಎಂದ ಅವನು.

“ತಳ್ಳಲಿಲ್ವಲ್ಲ” ಎಂದಳು ಅವಳು. “ಏಳಿ ಮತ್ತೆ. ಮಗಳು ಬಿಸಿಲಲ್ಲಿ ಕೂತಿದ್ದಾಳೆ.”

ಒಣಗಿದ ಗಳ ಎಲ್ಲಿಂದ ತರುವುದು? ಅದಕ್ಕೂ ಅವಳೇ ದಾರಿ ಹೇಳಿದಳು. ಆ ಕಡೆಯ ಮನೆಗಳಲ್ಲಿ ಒಲೆಯ ಮೇಲೆ ಅಟ್ಟವಿರುತ್ತದೆ. ಅಟ್ಟಕ್ಕೆ ಹಾಕಿದ ಗಳಗಳು ವರ್ಷಗಟ್ಟಲೆ ಹೊಗೆ ಕುಡಿದು ಕಪ್ಪಾಗಿ, ಕಬ್ಬಿಣದಷ್ಟು ಗಟ್ಟಿಯಾಗಿರುತ್ತವೆ. ಮೇದಾರನ ಮನೆ ಉದ್ದನೆಯದು, ಅದರ ಗಳವೂ ಉದ್ದ. ಅವನು ಅಟ್ಟದ ಸಾಮಾನನ್ನೆಲ್ಲ ಕೆಳಗೆ ಸುರಿದು ಒಂದು ಗಳ ಇಳಿಸಿದ. ಇನ್ನೊಂದನ್ನು ಹೊತ್ತು ತಂದವನು ನೆರೆಮನೆಯವನು. ಯಾರೂ ಕೇಳಿರಲಿಲ್ಲ. ತಂದು ದಡದ ಮೇಲೆ ಹಾಕಿ, “ನನ್ನ ಬಾಯಿ ಸುಮ್ನಿರಲಿಲ್ಲ, ಈಗ ಅಟ್ಟನಾದ್ರೂ ಕೊಡ್ತೀನಿ” ಎಂದ.

ಗಂಡಸರೆಲ್ಲ ಕೈಜೋಡಿಸಿದರು. ಆಚೆಯಿಂದ ಅಳಿಯ ಹಗ್ಗ ಎಳೆದ. ಹಸಿ ಗಳಗಳು ಹೊರಬಂದವು, ಕಪ್ಪು ಗಳಗಳು ಕೂತವು. ಬಲಗಡೆಯ ಹಳೆಯ ಗಳ ಇದ್ದಲ್ಲೇ ಇತ್ತು. ಹೊತ್ತು ಇಳಿಯುವ ಮೊದಲೇ ಸಂಕ ಸಿದ್ಧವಾಯಿತು. ಮೇದಾರ ಅದರ ಮೇಲೆ ನಡೆದ. ನಡುವಿಗೆ ಹೋಗಿ ಕುಣಿದ. ಕಾಲು ಸರಿಯಿದೆ ಎಂದಿತು. ಈ ಸಲ ಅವನು ಕಾಲಿನ ಮಾತು ಕೇಳಿದ.

ಮಗಳು ದಾಟಿದಳು. ಒಂದು ಕೈ ಹಿಡಿಗಳದ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಅವನು ಅವಳ ಮುಖ ನೋಡಲಿಲ್ಲ, ಪಾದಗಳನ್ನೇ ನೋಡುತ್ತಿದ್ದ. ಈಚೆ ದಡಕ್ಕೆ ಅವಳ ಕಾಲು ತಾಗಿದ್ದೇ ತಾಯಿ ಅವಳನ್ನು ಬಾಚಿ ತಬ್ಬಿಕೊಂಡಳು. ಆರತಿ ಎತ್ತುವುದು ಯಾರಿಗೂ ನೆನಪಾಗಲಿಲ್ಲ. ಮೇದಾರ ಬಂಡೆಯ ಮೇಲೆ ಕೂತು ಮಗುವಿನಂತೆ ಅತ್ತ. ಅಷ್ಟು ಸುಖವಾಗಿ ಅವನು ಅತ್ತದ್ದು ಅದೇ ಮೊದಲು.

ಆಮೇಲೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಸೀಳಿದ ಎರಡು ಗಳಗಳು ಮನೆಯ ಹಿಂದೆ ಬಿದ್ದಿದ್ದವಲ್ಲ, ಒಣಗಿದ ಬಿದಿರು ಬುಟ್ಟಿ ಹೆಣೆಯಲು ಬಗ್ಗುವುದಿಲ್ಲ. ಸೀಳಿದ್ದರಿಂದ ಸಂಕಕ್ಕೂ ಬರುವುದಿಲ್ಲ. ಬಾಣಂತಿಯ ನೀರೊಲೆಗೆ ಹಾಕಿದರು. ದಿನಾ ಬೆಳಿಗ್ಗೆ ಮೇದಾರನೇ ಒಲೆಯ ಮುಂದೆ ಕೂತು, ಆ ವರ್ಷದ ಅತ್ಯಂತ ಒಳ್ಳೆಯ ಬಿದಿರನ್ನು ಚೂರು ಚೂರಾಗಿ ಬೆಂಕಿಗೆ ಹಾಕುತ್ತಿದ್ದ. ಚೆನ್ನಾಗಿ ಉರಿಯಿತಂತೆ. ಮೊಮ್ಮಗಳಿಗೆ ಸ್ನಾನದ ನೀರು ಹದವಾಗಿ ಕಾಯುತ್ತಿತ್ತಂತೆ.

ಗುರುಗಳು ಕತೆ ನಿಲ್ಲಿಸಿದರು.

ಗುರುಶಾಂತನ ಮುಖ ಗೆಲುವಾಗಿತ್ತು. ಹಿರಿಯರ ಮಾತು ಕಿವಿಗೆ ಬಿದ್ದ ದಿನದಿಂದ ಅಂಥ ಗೆಲುವು ಅವನ ಮುಖದಲ್ಲಿ ಕಂಡಿರಲಿಲ್ಲ. ಮಗಳು ಸುರಕ್ಷಿತವಾಗಿ ದಾಟಿದ್ದಕ್ಕೆ ಅವನಿಗೂ ಉಸಿರು ಬಂದಿತ್ತು. ಆದರೂ ಅವನ ಮನಸ್ಸು ತನ್ನ ಹಳೆಯ ಜಾಗಕ್ಕೇ ಹೋಗಿ ನಿಂತಿತು.

“ಸದ್ಯ, ಗುರುಗಳೇ” ಎಂದ. “ಗಳ ಹೋದರೆ ಹೋಯಿತು. ಅವೆರಡರಲ್ಲೂ ಹುಳ ಇರಲಿಲ್ಲ ಎಂಬುದಾದರೂ ಅವನಿಗೆ ಖಾತ್ರಿಯಾಯಿತಲ್ಲ. ಸೀಳದೆ ಇದ್ದಿದ್ದರೆ ಅವು ಅಷ್ಟು ಶುದ್ಧ ಎಂದು ತಿಳಿಯುತ್ತಿತ್ತೇ?”

“ಶುದ್ಧವಾಗಿಯೇ ಇದ್ದವು, ಗುರುಶಾಂತ, ಆದರೆ ಅವುಗಳ ಮೇಲೆ ಯಾರೂ ಹೊಳೆ ದಾಟಲಿಲ್ಲ.”

ಗುರುಶಾಂತ ಎದ್ದು, ತನ್ನ ಬಟ್ಟೆಯ ಗಂಟು ತೆಗೆದುಕೊಂಡು, ಊರಿನವರು ಕಾಯುತ್ತಿದ್ದ ಜಗಲಿಯ ಕಡೆ ನಡೆದ.